ದಿನನಿತ್ಯದ ಆಯ್ಕೆಗಳಲ್ಲಿ ನಮ್ಮ ಸ್ವಾತಂತ್ರ್ಯ ಎಷ್ಟು?

ತೆರೆದ ಬಾಗಿಲು (ಚರ್ಚೆ ಆರಂಭಿಸಿದವರು)

ಓದಿದ ವಿಷಯ, ಹಿಡಿದ ಕೆಲಸ, ಸಹಿ ಹಾಕಿದ ಕಾಗದ, ಮಲಗುವ ಮುನ್ನ ನೋಡಿದ ವೀಡಿಯೊ, ಇವೆಲ್ಲವನ್ನೂ ನಾವೇ ಆರಿಸಿಕೊಂಡೆವು ಎಂದು ಹೇಳಿಕೊಳ್ಳುತ್ತೇವೆ. ಆ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದನ್ನು ಇಲ್ಲಿ ಕೂಡಿ ಯೋಚಿಸೋಣ ಎಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಈ ಪ್ರಶ್ನೆ ಬಂದಾಗಲೆಲ್ಲ ಮಾತು ಬೇಗನೆ ಎರಡು ತುದಿಗಳಿಗೆ ಹೋಗಿ ನಿಲ್ಲುತ್ತದೆ. ಹಣೆಬರಹವೆನ್ನಿ, ಕಾರ್ಯಕಾರಣದ ಸರಪಳಿಯೆನ್ನಿ, ನಮ್ಮ ಕೈಯಲ್ಲಿ ಏನೂ ಇಲ್ಲ ಎನ್ನುವವರು ಒಂದು ಕಡೆ. ಮನಸ್ಸು ಮಾಡಿದರೆ ಯಾರು ಏನು ಬೇಕಾದರೂ ಆಗಬಹುದು, ಆಗದಿದ್ದರೆ ಅದು ಅವರವರ ಸೋಮಾರಿತನ ಎನ್ನುವವರು ಇನ್ನೊಂದು ಕಡೆ. ಮೊದಲನೆಯ ಮಾತು ನಮ್ಮನ್ನು ಹೊಣೆಯಿಂದ ಬಿಡಿಸುತ್ತದೆ. ಎರಡನೆಯದು ಇನ್ನೊಬ್ಬರ ಕಷ್ಟದ ಬಗ್ಗೆ ಯೋಚಿಸುವ ಕೆಲಸದಿಂದ ಬಿಡಿಸುತ್ತದೆ. ನಮ್ಮ ದಿನಗಳು ಕಳೆಯುವುದು ಈ ಎರಡು ತುದಿಗಳ ನಡುವೆ. ಆದ್ದರಿಂದ ಅಲ್ಲಿಯೇ ನಿಂತು ನೋಡುವುದು ಮೇಲು.

ಒಂದು ಸಣ್ಣ ಸಂಗತಿಯನ್ನು ಹತ್ತಿರದಿಂದ ನೋಡೋಣ. ಹೊಸದೊಂದು ಜಾಲತಾಣವನ್ನು ಮೊಬೈಲಿನಲ್ಲಿ ತೆರೆದಾಗ ಪರದೆಯ ಮೇಲೆ ಒಂದು ಚೌಕ ಮೂಡುತ್ತದೆ. ‘ಎಲ್ಲವನ್ನೂ ಒಪ್ಪುತ್ತೇನೆ’ ಎಂಬ ಗುಂಡಿ ದಟ್ಟ ನೀಲಿ ಬಣ್ಣದಲ್ಲಿ, ಹೆಬ್ಬೆರಳು ತಾನಾಗಿಯೇ ತಲುಪುವ ಜಾಗದಲ್ಲಿ ಇರುತ್ತದೆ. ‘ಒಪ್ಪುವುದಿಲ್ಲ’ ಎಂಬ ಗುಂಡಿ ಎಷ್ಟೋ ಕಡೆ ಇರುವುದೇ ಇಲ್ಲ. ಅದರ ಬದಲು ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ‘ಆಯ್ಕೆಗಳನ್ನು ನಿರ್ವಹಿಸಿ’ ಎಂದಿರುತ್ತದೆ. ಅದನ್ನು ಒತ್ತಿದರೆ ಇನ್ನೊಂದು ಪುಟ, ಅಲ್ಲಿ ಸಾಲುಸಾಲಾಗಿ ಸ್ವಿಚ್‌ಗಳು, ಒಂದೊಂದನ್ನೂ ಬೇರೆಯಾಗಿ ಆಫ್ ಮಾಡಬೇಕು, ಬದಲಾವಣೆಗಳನ್ನು ಉಳಿಸುವ ಗುಂಡಿಗಾಗಿ ಪುಟದ ತಳದವರೆಗೆ ಇಳಿಯಬೇಕು. ಯಾರೂ ನಮ್ಮ ಕೈ ಹಿಡಿದು ಒತ್ತಿಸಲಿಲ್ಲ, ನಿರಾಕರಿಸುವ ದಾರಿಯೂ ಮುಚ್ಚಿರಲಿಲ್ಲ. ಆದರೂ ಒಪ್ಪಿಗೆ ಎಲ್ಲಿಂದ ಬರುತ್ತದೆ ಎಂಬುದು ಆ ಪುಟವನ್ನು ರೂಪಿಸಿದವರಿಗೆ ಮೊದಲೇ ತಿಳಿದಿತ್ತು.

ನನ್ನ ವಾದ ಇಷ್ಟು. ‘ನಾನು ಬೇರೆ ರೀತಿ ಮಾಡಬಹುದಿತ್ತೇ?’ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಬಹಳ ಕಷ್ಟ. ಅದಕ್ಕಿಂತ ‘ಬೇಡ ಎಂದಿದ್ದರೆ ನಾನು ಏನನ್ನು ತೆರಬೇಕಾಗುತ್ತಿತ್ತು?’ ಎಂಬ ಪ್ರಶ್ನೆಗೆ ಉತ್ತರ ಹುಡುಕಬಹುದು. ಬೇಡ ಎನ್ನಲು ತೆರಬೇಕಾದ ಬೆಲೆ ಸಣ್ಣದಾಗಿದ್ದಷ್ಟೂ ಆ ಆಯ್ಕೆ ಹೆಚ್ಚು ಸ್ವತಂತ್ರವಾಗಿರುತ್ತದೆ. ಬೆಲೆ ಎಂದರೆ ಹಣವೊಂದೇ ಅಲ್ಲ. ಸಮಯ, ಆಯಾಸ, ಒಂಟಿತನ, ಮುನಿಸು, ಕೆಲಸ ಕಳೆದುಕೊಳ್ಳುವ ಭಯ, ಎಲ್ಲವೂ ಅದರಲ್ಲಿ ಸೇರುತ್ತವೆ. ಹೀಗೆ ಅಳೆದರೆ ನಮ್ಮ ಎಷ್ಟು ಆಯ್ಕೆಗಳು ಉಳಿದಾವು ಎಂಬುದನ್ನು ನೀವೆಲ್ಲ ಹೇಳಬೇಕು.

ನರತಂತು

ಚರ್ಚೆಯನ್ನು ಮಿದುಳಿನಿಂದ ಆರಂಭಿಸದೆ ಬೆಲೆಯಿಂದ ಆರಂಭಿಸಿದ್ದು ಚೆನ್ನಾಯಿತು. ಆದರೂ ಮಿದುಳಿನ ಪ್ರಯೋಗಗಳನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಅವುಗಳನ್ನು ತಪ್ಪಾಗಿ ಹೇಳುವುದನ್ನು ಬಹಳ ಕಡೆ ಕಂಡಿರುವುದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನಾವು ಸ್ವಇಚ್ಛೆಯಿಂದ ಬೆರಳನ್ನೋ ಮಣಿಕಟ್ಟನ್ನೋ ಚಲಿಸುವ ಮೊದಲೇ ಮಿದುಳಿನ ಮೇಲ್ಮೈಯಲ್ಲಿ ನಿಧಾನವಾಗಿ ಏರುವ ಒಂದು ವಿದ್ಯುತ್ ಸಂಕೇತ ಕಾಣಿಸುತ್ತದೆ ಎಂಬುದನ್ನು ಜರ್ಮನಿಯ ಕಾರ್ನ್‌ಹ್ಯೂಬರ್ ಮತ್ತು ಡೀಕೆ 1960ರ ದಶಕದಲ್ಲಿ ತೋರಿಸಿದರು. ಅದನ್ನು ಸಿದ್ಧತಾ ವಿಭವ ಎನ್ನುತ್ತಾರೆ. 1983ರಲ್ಲಿ ಬೆಂಜಮಿನ್ ಲಿಬೆಟ್ ಮತ್ತು ಅವರ ಸಂಗಡಿಗರು, ಮನಸ್ಸಿಗೆ ಬಂದಾಗ ಮಣಿಕಟ್ಟನ್ನು ಬಗ್ಗಿಸಿ ಎಂದು ಜನರಿಗೆ ಹೇಳಿ, ವೇಗವಾಗಿ ಸುತ್ತುವ ಚುಕ್ಕೆಯೊಂದರ ಸ್ಥಾನವನ್ನು ನೋಡಿಕೊಂಡು, ಬಗ್ಗಿಸಬೇಕೆಂಬ ಬಯಕೆ ಯಾವ ಕ್ಷಣದಲ್ಲಿ ಮೂಡಿತೆಂದು ತಿಳಿಸಲು ಕೇಳಿದರು. ಸಂಕೇತ ಚಲನೆಗಿಂತ ಸುಮಾರು 550 ಮಿಲಿಸೆಕೆಂಡ್ ಮೊದಲೇ ಆರಂಭವಾಗುತ್ತಿತ್ತು. ಬಯಕೆಯ ಅರಿವು ಮೂಡುತ್ತಿದ್ದುದು ಸುಮಾರು 200 ಮಿಲಿಸೆಕೆಂಡ್ ಮೊದಲು. ಅರಿವಿಗಿಂತ ಮೊದಲೇ ಮಿದುಳು ತೀರ್ಮಾನಿಸಿಬಿಟ್ಟಿದೆ, ಆದ್ದರಿಂದ ಸ್ವತಂತ್ರ ಇಚ್ಛೆ ಭ್ರಮೆ ಎಂದು ಹಲವರು ಇದನ್ನು ಓದಿದರು. ಲಿಬೆಟ್ ಸ್ವತಃ ಅಷ್ಟು ದೂರ ಹೋಗಲಿಲ್ಲ. ಅರಿವು ಮೂಡಿದ ಮೇಲೆ ಉಳಿಯುವ ಆ ಅಲ್ಪ ಸಮಯದಲ್ಲಿ ಕ್ರಿಯೆಯನ್ನು ತಡೆಯಲು ನಮಗೆ ಸಾಧ್ಯ ಎಂದು ಅವರು ವಾದಿಸಿದರು.

2008ರಲ್ಲಿ ಜಾನ್-ಡೈಲನ್ ಹೇನ್ಸ್ ಅವರ ತಂಡ ಮಿದುಳಿನ ಸ್ಕ್ಯಾನ್ ಬಳಸಿ, ಎಡಗುಂಡಿಯೋ ಬಲಗುಂಡಿಯೋ ಎಂಬ ಆಯ್ಕೆಯನ್ನು ಹಲವು ಸೆಕೆಂಡುಗಳ ಮೊದಲೇ ಊಹಿಸಬಹುದೆಂದು ತೋರಿಸಿತು. ಆದರೆ ಆ ಊಹೆ ಸರಿಯಾಗುತ್ತಿದ್ದುದು ಸುಮಾರು 60%ರಷ್ಟು ಸಲ ಮಾತ್ರ. ನಾಣ್ಯ ಚಿಮ್ಮಿ ಊಹಿಸಿದರೂ 50% ಬರುತ್ತದೆ. ಅದರಿಂದ ಒಲವೊಂದು ಮೊದಲೇ ಇರುತ್ತದೆ ಎನ್ನಬಹುದು, ತೀರ್ಮಾನ ಮುಗಿದಿತ್ತು ಎನ್ನಲಾಗದು. 2012ರಲ್ಲಿ ಆರನ್ ಶರ್ಗರ್ ಮತ್ತು ಸಂಗಡಿಗರು ಸಿದ್ಧತಾ ವಿಭವಕ್ಕೇ ಬೇರೊಂದು ವಿವರಣೆ ಕೊಟ್ಟರು. ಮಿದುಳಿನಲ್ಲಿ ಸದಾ ಏರಿಳಿಯುವ ಯಾದೃಚ್ಛಿಕ ಚಟುವಟಿಕೆ ಒಂದು ಮಟ್ಟವನ್ನು ದಾಟಿದಾಗ ಚಲನೆ ಘಟಿಸುತ್ತದೆ. ಚಲನೆಯ ಕ್ಷಣದಿಂದ ಹಿಂದಕ್ಕೆ ಎಣಿಸಿ ಅನೇಕ ಸಲದ ಸರಾಸರಿ ತೆಗೆದಾಗ ಅದು ನಿಧಾನವಾಗಿ ಏರಿದಂತೆ ಕಾಣುತ್ತದೆ. ಈ ವಿವರಣೆಯಂತೆ, ಮುಂಚಿತ ತೀರ್ಮಾನವೆಂದು ಓದಿದ ಆ ಏರಿಕೆ ತೀರ್ಮಾನವೇ ಅಲ್ಲದಿರಬಹುದು.

ಇದೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಮಣಿಕಟ್ಟನ್ನು ಈಗ ಬಗ್ಗಿಸಲೇ, ಆಮೇಲೆ ಬಗ್ಗಿಸಲೇ ಎಂಬುದಕ್ಕೆ ಯಾವ ಕಾರಣವೂ ಬೇಕಿಲ್ಲ. ಕೆಲಸ ಬಿಡಬೇಕೇ, ಯಾರ ಜೊತೆ ಬಾಳಬೇಕು, ಸತ್ಯ ಹೇಳಬೇಕೇ ಎಂಬಂಥ ತೀರ್ಮಾನಗಳನ್ನು ನಾವು ವಾರಗಟ್ಟಲೆ ಕಾರಣಗಳನ್ನು ತೂಗಿ ಮಾಡುತ್ತೇವೆ. ಮೊದಲನೆಯದನ್ನು ಅಳೆದು ಎರಡನೆಯದರ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ.

ತಕ್ಕಡಿ

ನರತಂತು ಅವರ ವಿವರಣೆಗೆ ಧನ್ಯವಾದಗಳು. ಮಿದುಳಿನ ಪ್ರಶ್ನೆ ಹೇಗೇ ಇತ್ಯರ್ಥವಾದರೂ, ಬೇರೆ ದಾರಿ ಇತ್ತೇ ಎಂಬುದಕ್ಕೂ ಆಯ್ಕೆ ನಮ್ಮದೇ ಎಂಬುದಕ್ಕೂ ಇರುವ ಸಂಬಂಧ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ಹದಿನೇಳನೆಯ ಶತಮಾನದ ತತ್ತ್ವಜ್ಞಾನಿ ಜಾನ್ ಲಾಕ್ ಒಂದು ಸನ್ನಿವೇಶವನ್ನು ಕಲ್ಪಿಸುತ್ತಾರೆ. ನಿದ್ರಿಸುತ್ತಿದ್ದವನೊಬ್ಬನನ್ನು ಎತ್ತಿಕೊಂಡು ಹೋಗಿ ಒಂದು ಕೋಣೆಯಲ್ಲಿ ಬಿಟ್ಟು ಬೀಗ ಹಾಕಿದ್ದಾರೆ. ಎಚ್ಚರವಾದಾಗ ಅಲ್ಲಿ ತಾನು ಕಾಣಬೇಕೆಂದಿದ್ದ ವ್ಯಕ್ತಿಯೇ ಇರುವುದನ್ನು ಕಂಡು, ಅವನು ಸಂತೋಷದಿಂದ ಅಲ್ಲೇ ಉಳಿಯುತ್ತಾನೆ. ಅವನು ಉಳಿದದ್ದು ಸ್ವಇಚ್ಛೆಯಿಂದ; ಆದರೆ ಹೊರಟುಹೋಗುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಇಚ್ಛೆ ಮತ್ತು ಸ್ವಾತಂತ್ರ್ಯ ಎರಡೂ ಬೇರೆಬೇರೆ ಎಂದು ಲಾಕ್ ಇದರಿಂದ ತೋರಿಸಿದರು.

ತೆರೆದ ಬಾಗಿಲು ಅವರೇ, ನಿಮ್ಮ ಅಳತೆಗೋಲು ಇಲ್ಲಿ ಒಂದು ಕಡೆ ಎಡವುತ್ತದೆ ಎಂದು ನನಗೆ ತೋರುತ್ತದೆ. ಆ ಮನುಷ್ಯ ಬಾಗಿಲನ್ನು ಒಮ್ಮೆಯೂ ಮುಟ್ಟಿ ನೋಡಲಿಲ್ಲ. ಬೀಗ ಇದೆ ಎಂಬುದೇ ಅವನಿಗೆ ಗೊತ್ತಿಲ್ಲ. ಬೇಡ ಎನ್ನುವುದರ ಬೆಲೆ ಅಲ್ಲಿ ಅಪಾರವಾಗಿದ್ದರೂ ಅದು ಅವನ ತೀರ್ಮಾನದ ಮೇಲೆ ಯಾವ ಪ್ರಭಾವವನ್ನೂ ಬೀರಲಿಲ್ಲ. ಹಾಗಿದ್ದರೆ ಅವನ ಆಯ್ಕೆ ಅವನದಲ್ಲ ಎನ್ನಲಾಗುವುದೇ? ಅಮೆರಿಕದ ಹ್ಯಾರಿ ಫ್ರಾಂಕ್‌ಫರ್ಟ್ 1969ರಲ್ಲಿ ಇದೇ ಎಳೆಯನ್ನು ಹಿಡಿದು, ಬೇರೆ ದಾರಿ ಇರದಿದ್ದರೂ ಮನುಷ್ಯ ತನ್ನ ಕೃತ್ಯಕ್ಕೆ ಹೊಣೆಗಾರನಾಗಬಹುದು ಎಂದು ವಾದಿಸಿದರು. ಎರಡು ವರ್ಷಗಳ ನಂತರ ಅವರೇ ಮುಂದಿಟ್ಟ ಇನ್ನೊಂದು ವಿಚಾರ ದಿನನಿತ್ಯದ ಬದುಕಿಗೆ ಇನ್ನೂ ಹತ್ತಿರವಾದದ್ದು. ನಮಗೆ ಬಯಕೆಗಳಿರುತ್ತವೆ; ಆ ಬಯಕೆಗಳ ಬಗ್ಗೆಯೂ ಬಯಕೆಗಳಿರುತ್ತವೆ. ಸಿಗರೇಟು ಬೇಕೆಂಬ ಬಯಕೆ ಒಂದು, ಆ ಬಯಕೆ ನನ್ನಲ್ಲಿ ಇರಬಾರದಿತ್ತು ಎಂಬ ಬಯಕೆ ಇನ್ನೊಂದು. ಇವೆರಡೂ ಒಂದಾದಾಗ ಮನುಷ್ಯ ತನ್ನ ಇಚ್ಛೆಯಂತೆ ನಡೆದ ಎನ್ನಬಹುದು. ನಡುರಾತ್ರಿಯವರೆಗೆ ವೀಡಿಯೊಗಳನ್ನು ಒಂದರ ಮೇಲೊಂದು ನೋಡುತ್ತಾ, ಸಾಕು ಸಾಕು ಎಂದುಕೊಳ್ಳುತ್ತಲೇ ಬೆರಳನ್ನು ಮೇಲಕ್ಕೆ ಸರಿಸುವವನಿಗೆ ನಿಲ್ಲಿಸಲು ಯಾವ ಬೆಲೆಯೂ ಇಲ್ಲ, ಆದರೂ ಅವನು ಸ್ವತಂತ್ರನಲ್ಲ.

ಮೌನ ಓದುಗ

ಬೆಲೆಯೇ ಅಳತೆಗೋಲಾದರೆ, ಪ್ರಾಣವನ್ನೇ ಪಣಕ್ಕಿಟ್ಟು ‘ಇಲ್ಲ’ ಎಂದವರು ಎಲ್ಲರಿಗಿಂತ ಕಡಿಮೆ ಸ್ವತಂತ್ರರು ಎಂದಾಗುತ್ತದೆ. ನನಗಂತೂ ಅವರೇ ಎಲ್ಲರಿಗಿಂತ ಸ್ವತಂತ್ರರಾಗಿ ಕಾಣುತ್ತಾರೆ.

ತೆರೆದ ಬಾಗಿಲು

ಮೌನ ಓದುಗ ಅವರು ಎರಡೇ ವಾಕ್ಯಗಳಲ್ಲಿ ಎತ್ತಿದ ಆಕ್ಷೇಪ ಬಹಳ ಗಟ್ಟಿಯಾದದ್ದು, ಅದಕ್ಕೆ ಉತ್ತರಿಸದೆ ಮುಂದೆ ಹೋಗುವಂತಿಲ್ಲ.

ಮನುಷ್ಯನ ದಿಟ್ಟತನ ಬೇರೆ, ಅವನ ಸನ್ನಿವೇಶದ ಸ್ವಾತಂತ್ರ್ಯ ಬೇರೆ. ಬೆದರಿಕೆಗೆ ಮಣಿಯದವನು ದಿಟ್ಟನೆಂದು ನಾವು ಹೊಗಳುವುದೇ ಆ ಸನ್ನಿವೇಶ ಅವನ ಸ್ವಾತಂತ್ರ್ಯವನ್ನು ಕಿತ್ತುಕೊಂಡಿತ್ತು ಎಂಬ ಕಾರಣಕ್ಕೆ. ಎಲ್ಲರೂ ಹಾಗೆಯೇ ಇರಬೇಕು ಎಂದು ನಿರೀಕ್ಷಿಸಿದರೆ, ಬೆದರಿಸಿದವನ ತಪ್ಪು ಮಣಿದವನ ತಪ್ಪಾಗಿ ಬದಲಾಗಿಬಿಡುತ್ತದೆ. ಸಂಬಳವನ್ನೇ ನಂಬಿ ಮೂವರನ್ನು ಸಾಕುತ್ತಿರುವ ವ್ಯಕ್ತಿ ಮೇಲಧಿಕಾರಿಯ ಅನ್ಯಾಯವನ್ನು ನುಂಗಿಕೊಂಡಾಗ ‘ಅವನಿಗೆ ಕೆಲಸ ಬಿಡುವ ಸ್ವಾತಂತ್ರ್ಯವಿತ್ತಲ್ಲ’ ಎಂದು ಹೇಳುವುದು ಸುಲಭ. ಆ ಮಾತನ್ನು ನಾನು ಒಪ್ಪಲಾರೆ.

ಅಮರ್ತ್ಯ ಸೇನ್ ಅವರು ಕೊಡುವ ಒಂದು ಉದಾಹರಣೆ ಇಲ್ಲಿ ನೆರವಿಗೆ ಬರುತ್ತದೆ. ಉಪವಾಸ ಮಾಡುತ್ತಿರುವವನ ಹೊಟ್ಟೆಯೂ ಖಾಲಿ, ಊಟವಿಲ್ಲದೆ ಹಸಿದವನ ಹೊಟ್ಟೆಯೂ ಖಾಲಿ. ದೇಹಕ್ಕೆ ಸಿಕ್ಕ ಆಹಾರವನ್ನಷ್ಟೇ ಲೆಕ್ಕ ಹಾಕಿದರೆ ಇಬ್ಬರೂ ಒಂದೇ. ಒಬ್ಬನಿಗೆ ತಿನ್ನುವ ಅವಕಾಶವಿದ್ದು ಅದನ್ನು ಬಿಟ್ಟಿದ್ದಾನೆ, ಇನ್ನೊಬ್ಬನಿಗೆ ಬಿಡಲು ಏನೂ ಇಲ್ಲ. ವ್ಯತ್ಯಾಸ ಇರುವುದು ಕೈಗೆಟುಕುವಂತಿದ್ದ ಆದರೆ ಆರಿಸಿಕೊಳ್ಳದ ದಾರಿಯಲ್ಲಿ. ಆದ್ದರಿಂದ ಒಬ್ಬರು ಏನು ಮಾಡಿದರು ಎಂಬುದನ್ನಷ್ಟೇ ನೋಡಿ ಅವರ ಸ್ವಾತಂತ್ರ್ಯವನ್ನು ಅಳೆಯಲಾಗದು. ಏನು ಮಾಡಲು ಸಾಧ್ಯವಿತ್ತು ಎಂಬುದನ್ನು ಕೇಳಲೇಬೇಕು.

ತಕ್ಕಡಿ ಅವರ ವೀಡಿಯೊ ಉದಾಹರಣೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಿಲ್ಲಿಸಲು ಬೆಲೆ ಇಲ್ಲ ಎನ್ನುವುದು ಸರಿಯಲ್ಲ. ಒಂದು ವೀಡಿಯೊ ಮುಗಿದ ಕೂಡಲೇ ಮುಂದಿನದು ತಾನಾಗಿ ಆರಂಭವಾಗುವಂತೆ ಮಾಡಿದಾಗ, ಮುಂದುವರಿಯಲು ಏನೂ ಮಾಡಬೇಕಿಲ್ಲ, ನಿಲ್ಲಿಸಲು ಮಾತ್ರ ಪ್ರಯತ್ನ ಬೇಕು. ಬೇಡ ಎನ್ನುವ ಹೊಣೆಯನ್ನು ದಣಿದವನ ಮೇಲೆ, ಅವನು ಎಲ್ಲಕ್ಕಿಂತ ಹೆಚ್ಚು ದಣಿದಿರುವ ಹೊತ್ತಿನಲ್ಲಿ ಹೊರಿಸಲಾಗಿದೆ. ನಾನು ಬೆಲೆ ಎಂದು ಕರೆಯುವುದು ಇದನ್ನೂ ಸೇರಿಸಿ.

ನಮೂನೆ ಬರೆಯುವವರು

ಅರ್ಜಿ ನಮೂನೆಗಳನ್ನು ರೂಪಿಸುವುದು ನನ್ನ ವೃತ್ತಿ. ಹಾಗಾಗಿ ಮೊದಲ ಬರಹದಲ್ಲಿನ ನೀಲಿ ಗುಂಡಿಯ ವರ್ಣನೆಯನ್ನು ಓದಿ ಸುಮ್ಮನಿರಲಾಗಲಿಲ್ಲ.

ಏನನ್ನೂ ಮಾಡದೆ ಬಿಟ್ಟವರನ್ನು ಯಾವ ಕಡೆಗೆ ಸೇರಿಸುವುದು ಎಂಬುದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ತೀರ್ಮಾನ. ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮರಣಾನಂತರ ಅಂಗದಾನಕ್ಕೆ ಒಪ್ಪಿಗೆ ಇರುವವರ ಪ್ರಮಾಣ ಜರ್ಮನಿಯಲ್ಲಿ 12%, ಪಕ್ಕದ ಆಸ್ಟ್ರಿಯಾದಲ್ಲಿ 99.98% ಎಂದಿತ್ತು. ಎರಡು ನೆರೆಯ ದೇಶಗಳ ಜನರ ಉದಾರತೆಯಲ್ಲಿ ಇಷ್ಟು ಅಂತರವಿರಲು ಸಾಧ್ಯವಿಲ್ಲ. ಜರ್ಮನಿಯಲ್ಲಿ ದಾನಿಯಾಗಲು ಹೆಸರು ಕೊಡಬೇಕಿತ್ತು, ಆಸ್ಟ್ರಿಯಾದಲ್ಲಿ ದಾನಿಯಾಗದಿರಲು ಹೆಸರು ಕೊಡಬೇಕಿತ್ತು. ಇದನ್ನು ಹೇಳುವವರು ಬಿಟ್ಟುಬಿಡುವ ಇನ್ನೊಂದು ವಿಷಯವಿದೆ. ಕಾಗದದ ಮೇಲಿನ ಒಪ್ಪಿಗೆಯೇ ನಡೆದ ಅಂಗದಾನವಲ್ಲ. ಕುಟುಂಬದವರ ಜೊತೆ ಮಾತನಾಡುವ ಸಿಬ್ಬಂದಿ, ಆಸ್ಪತ್ರೆಗಳ ವ್ಯವಸ್ಥೆ ಇವೆಲ್ಲದರ ಮೇಲೆ ನಿಜವಾದ ಸಂಖ್ಯೆ ನಿಂತಿದೆ. 99.98% ಎಂಬುದು ಅಷ್ಟು ಜನರ ಇಚ್ಛೆ ಎಂದು ಭಾವಿಸುವವರು ಅವರ ಮೌನವನ್ನು ಮಾತೆಂದು ತಿಳಿಯುತ್ತಿದ್ದಾರೆ.

ನಿವೃತ್ತಿ ಉಳಿತಾಯದಲ್ಲಿಯೂ ಇದೇ ಕಥೆ. ಬ್ರಿಜಿಟ್ ಮೇಡ್ರಿಯನ್ ಮತ್ತು ಡೆನ್ನಿಸ್ ಶಿಯಾ 2001ರಲ್ಲಿ ವರದಿ ಮಾಡಿದಂತೆ, ಅಮೆರಿಕದ ಒಂದು ಸಂಸ್ಥೆಯಲ್ಲಿ ಹೊಸ ನೌಕರರನ್ನು ತಾನಾಗಿಯೇ ಯೋಜನೆಗೆ ಸೇರಿಸುವ ಪದ್ಧತಿ ಬಂದಾಗ ಪಾಲ್ಗೊಂಡವರ ಪ್ರಮಾಣ 49%ರಿಂದ 86%ಕ್ಕೆ ಏರಿತು. ಇದರಿಂದ ಒಳಿತಾಯಿತು ಎಂದು ಹೆಚ್ಚಿನವರು ಒಪ್ಪುತ್ತಾರೆ. ಅದರ ಜೊತೆಗೇ ಇನ್ನೊಂದು ಸಂಗತಿ ಕಂಡುಬಂತು: ಹಾಗೆ ಸೇರಿದವರಲ್ಲಿ ದೊಡ್ಡ ಪಾಲು ಜನರು ಸಂಸ್ಥೆ ಗೊತ್ತುಮಾಡಿದ್ದ ಕಡಿಮೆ ಕಂತಿನಲ್ಲಿ, ಗೊತ್ತುಮಾಡಿದ್ದ ನಿಧಿಯಲ್ಲಿಯೇ ಉಳಿದುಬಿಟ್ಟರು. ತಾವಾಗಿಯೇ ಸೇರಿದ್ದರೆ ಅವರಲ್ಲಿ ಕೆಲವರು ಹೆಚ್ಚು ಉಳಿಸುತ್ತಿದ್ದರು.

ಖಾಲಿ ಬಿಟ್ಟ ಚೌಕಕ್ಕೂ ಒಂದು ಅರ್ಥ ಕೊಡಲೇಬೇಕಾಗುವುದರಿಂದ, ಯಾವ ಕಡೆಗೂ ವಾಲದ ನಮೂನೆಯನ್ನು ರೂಪಿಸುವುದು ಕಷ್ಟ. ಉತ್ತರಿಸದೆ ಮುಂದೆ ಹೋಗಲಾಗದಂತೆ ಮಾಡಿ ಎಲ್ಲರಿಂದಲೂ ಉತ್ತರ ಪಡೆಯಬಹುದು ನಿಜ, ಆಗ ಯೋಚಿಸಲು ಸಮಯವಿಲ್ಲದವರು ಏನೋ ಒಂದನ್ನು ಗುರುತು ಮಾಡಿ ಕೈತೊಳೆದುಕೊಳ್ಳುತ್ತಾರೆ. ಆದರೂ ಒಂದು ಗೆರೆಯನ್ನು ಎಳೆಯಬಹುದು. ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಬಳಕೆದಾರ ಅಳಿಸದಿದ್ದರೆ ಅದನ್ನು ಸಮ್ಮತಿ ಎನ್ನಲಾಗದು ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ಪ್ಲಾನೆಟ್49 ಪ್ರಕರಣದಲ್ಲಿ ತೀರ್ಪು ನೀಡಿತು. ಒಪ್ಪಲು ಒಂದು ಹೆಜ್ಜೆ ಸಾಕಾದರೆ ನಿರಾಕರಿಸಲೂ ಒಂದೇ ಹೆಜ್ಜೆ ಸಾಕಾಗಬೇಕು ಎಂಬುದನ್ನು ನಾನು ನನ್ನ ಕೆಲಸದಲ್ಲಿ ನಿಯಮವಾಗಿ ಇಟ್ಟುಕೊಂಡಿದ್ದೇನೆ. ತೆರೆದ ಬಾಗಿಲು ಅವರು ಹೇಳುವ ಬೆಲೆಯನ್ನು ನನ್ನಂಥವರು ಪ್ರತಿದಿನ ಗೊತ್ತುಮಾಡುತ್ತಿದ್ದೇವೆ, ಆದ್ದರಿಂದ ಅದರ ಹೊಣೆಯೂ ನಮ್ಮದೇ.

ಕಡೆಯ ಸಾಲು

ಹೊರಗಿನ ಬೆಲೆಯ ಮಾತು ಸಾಕಷ್ಟು ಆಯಿತು. ಬೆಲೆ ಇಲ್ಲದಿರುವಾಗಲೂ ನಮ್ಮ ಕಾರಣಗಳು ನಮಗೆ ತಿಳಿದಿರುತ್ತವೆಯೇ ಎಂಬುದು ನನ್ನ ಸಂದೇಹ. ಸ್ವೀಡನ್ನಿನ ಪೆಟ್ಟರ್ ಯೋಹಾನ್ಸನ್, ಲಾರ್ಸ್ ಹಾಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ಮುಖಗಳ ಚಿತ್ರಗಳನ್ನು ತೋರಿಸಿ, ಯಾವುದು ಹೆಚ್ಚು ಆಕರ್ಷಕ ಎಂದು ಕೇಳಿ, ಆರಿಸಿದ ಚಿತ್ರವನ್ನು ಕೈಗೆ ಕೊಡುವಾಗ ಕೈಚಳಕದಿಂದ ಇನ್ನೊಂದನ್ನು ಕೊಟ್ಟರು. ಬಹುಪಾಲು ಸಲ ಜನರಿಗೆ ಅದು ಗೊತ್ತಾಗಲೇ ಇಲ್ಲ. ತಾವು ಆರಿಸದ ಮುಖವನ್ನು ಹಿಡಿದುಕೊಂಡು, ಅದನ್ನು ಏಕೆ ಆರಿಸಿದೆವು ಎಂಬುದಕ್ಕೆ ಕಾರಣಗಳನ್ನೂ ಕೊಟ್ಟರು. ಕೆಲವರು ಮೊದಲು ಆರಿಸಿದ್ದ ಮುಖದಲ್ಲಿ ಇಲ್ಲದೇ ಇದ್ದ ಲಕ್ಷಣವನ್ನೇ ಕಾರಣವಾಗಿ ಹೇಳಿದರು. ಮುಖಗಳ ವಿಷಯ ಹಗುರವಾದದ್ದು ಎನ್ನಬಹುದು. ಆದರೆ 2012ರಲ್ಲಿ ಅದೇ ತಂಡ ನೈತಿಕ ಅಭಿಪ್ರಾಯಗಳ ಪ್ರಶ್ನಾವಳಿಯಲ್ಲಿ ಉತ್ತರಗಳನ್ನು ಗುಟ್ಟಾಗಿ ತಿರುವುಮುರುವು ಮಾಡಿದಾಗ, ಹಲವರು ತಮ್ಮ ಮೂಲ ನಿಲುವಿಗೆ ವಿರುದ್ಧವಾದ ನಿಲುವನ್ನೇ ಸಮರ್ಥಿಸಿ ವಾದಿಸಿದರು.

ಇನ್ನು ನಮ್ಮ ಬಯಕೆಗಳ ವಿಷಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಬುದ್ಧಿಮಾತನ್ನು ಕೇಳುತ್ತಾ ಬೆಳೆದ ಮನುಷ್ಯನಿಗೆ, ಸ್ವಲ್ಪ ಕಾಲದ ಮೇಲೆ ಹಾಸಿಗೆ ಗಿಡ್ಡವಾಗಿದೆ ಎಂಬುದೇ ಮರೆತುಹೋಗುತ್ತದೆ. ಸಿಗದದ್ದನ್ನು ಬಯಸದಿರಲು ಮನಸ್ಸು ಕಲಿಯುವ ಈ ಬಗೆಯನ್ನು ಯಾನ್ ಎಲ್‌ಸ್ಟರ್ 1980ರ ದಶಕದ ಆರಂಭದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಓದು ಬೇಡ, ಪ್ರಯಾಣ ಬೇಡ, ಹಾಡುಗಾರಿಕೆ ಬೇಡ ಎಂದು ಸಮಾಧಾನದಿಂದ ಹೇಳುವ ವ್ಯಕ್ತಿಗೆ, ಬೇಕು ಎಂದು ಹೇಳುವ ಅವಕಾಶ ಎಂದಾದರೂ ಸಿಕ್ಕಿತ್ತೇ? ತೆರೆದ ಬಾಗಿಲು ಅವರ ಅಳತೆಗೋಲಿನಲ್ಲಿ ಈ ವ್ಯಕ್ತಿ ಯಾವ ಬೆಲೆಯನ್ನೂ ತೆತ್ತಿಲ್ಲ, ಏಕೆಂದರೆ ಅವರು ಏನನ್ನೂ ಬಯಸಲೇ ಇಲ್ಲ.

ನರತಂತು

ಕಡೆಯ ಸಾಲು ಅವರ ಮಾತಿಗೆ ಒಂದು ಸೇರ್ಪಡೆ. ಯೋಚಿಸುವ ಶಕ್ತಿಯೂ ಪರಿಸ್ಥಿತಿಯೊಂದಿಗೆ ಏರಿಳಿಯುತ್ತದೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆನಂದಿ ಮಣಿ, ಸೆಂಥಿಲ್ ಮುಲ್ಲೈನಾಥನ್, ಎಲ್ದಾರ್ ಶಫೀರ್ ಮತ್ತು ಜಿಯಾಯಿಂಗ್ ಝಾವೋ ಅವರು ಭಾರತದ ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಒಮ್ಮೆ, ಕಟಾವಿನ ಹಣ ಕೈಸೇರಿದ ನಂತರ ಇನ್ನೊಮ್ಮೆ ಪರೀಕ್ಷಿಸಿದರು. ತಾರ್ಕಿಕ ಸಮಸ್ಯೆಗಳನ್ನು ಬಿಡಿಸುವ ಪರೀಕ್ಷೆಯಲ್ಲಿ ಅದೇ ರೈತರು ಕಟಾವಿಗೆ ಮೊದಲು ಹಿಂದೆ ಬಿದ್ದಿದ್ದರು, ನಂತರ ಉತ್ತಮವಾಗಿ ಮಾಡಿದರು. ಮನುಷ್ಯರು ಬದಲಾಗಿರಲಿಲ್ಲ, ಕಳವಳ ಕಡಿಮೆಯಾಗಿತ್ತು. ಸಾಲಗಾರನನ್ನು ‘ಯೋಚಿಸದೆ ಸಹಿ ಹಾಕಿದ’ ಎಂದು ದೂರುವಾಗ, ಯೋಚಿಸುವ ಶಕ್ತಿಯನ್ನೇ ಸಾಲ ತಿಂದಿರುವ ಸಾಧ್ಯತೆಯನ್ನು ನೆನಪಿನಲ್ಲಿಡಬೇಕು.

ಕಾರಣಗಳನ್ನು ನಾವು ಆಮೇಲೆ ಕಟ್ಟಿಕೊಳ್ಳುತ್ತೇವೆ ಎಂಬುದು ನಿಜವಾದರೂ ಅದರಿಂದ ಎಲ್ಲ ಕಾರಣಗಳೂ ಸುಳ್ಳಾಗುವುದಿಲ್ಲ. ಹಾಗೆ ಕಟ್ಟಿಕೊಂಡ ಕಾರಣಕ್ಕೆ ಮುಂದಿನ ಸಲ ಬದ್ಧರಾಗಿ ನಡೆದರೆ, ಅದು ನಮ್ಮದಾಗುತ್ತದೆ. ಪೀಟರ್ ಗೊಲ್ವಿಟ್ಜರ್ ಅವರ ಸಂಶೋಧನೆಗಳು ಇಲ್ಲಿ ಉಪಯುಕ್ತ. ‘ವ್ಯಾಯಾಮ ಮಾಡುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಇಂಥ ಸಂದರ್ಭ ಬಂದಾಗ ಇಂಥ ಕೆಲಸ ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರು ಅದನ್ನು ನಡೆಸಿಕೊಡುವ ಸಂಭವ ಹೆಚ್ಚು. ದುರ್ಬಲ ಕ್ಷಣದಲ್ಲಿ ಹೋರಾಡುವ ಬದಲು, ಸಮಾಧಾನವಾಗಿರುವ ಹೊತ್ತಿನಲ್ಲಿ ಆ ಕ್ಷಣವನ್ನು ಸಿದ್ಧಪಡಿಸುವುದರಲ್ಲಿ ನಮಗೆ ಹೆಚ್ಚು ಹಿಡಿತವಿದೆ.

ವಾರ್ಡಿನ ದೀಪ

ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ. ಇಲ್ಲಿ ನಡೆಯುತ್ತಿರುವ ಚರ್ಚೆಯನ್ನು ನಾನು ಕೆಲಸದ ಜಾಗದಿಂದ ನೋಡುತ್ತೇನೆ, ಏಕೆಂದರೆ ಸಮ್ಮತಿ ಪತ್ರಕ್ಕೆ ಸಹಿ ಪಡೆಯುವ ಹೊತ್ತಿನಲ್ಲಿ ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ರೋಗಿಯನ್ನು ಗಾಲಿಮಂಚದ ಮೇಲೆ ಮಲಗಿಸಿ ಶಸ್ತ್ರಚಿಕಿತ್ಸೆಯ ಕೋಣೆಯ ಕಡೆಗೆ ಕರೆದೊಯ್ಯುತ್ತಿರುವಾಗ, ಕೈಯಲ್ಲಿ ಸೂಜಿ ಚುಚ್ಚಿ ಪಟ್ಟಿ ಅಂಟಿಸಿರುವಾಗ, ಕನ್ನಡಕವನ್ನು ತೆಗೆದು ಮನೆಯವರ ಕೈಗೆ ಕೊಟ್ಟಿರುವಾಗ, ನಾಲ್ಕು ಪುಟಗಳ ಕಾಗದವನ್ನು ಅಟ್ಟೆಯ ಮೇಲಿಟ್ಟು ‘ಇಲ್ಲಿ ಸಹಿ ಮಾಡಿ’ ಎಂದು ಪೆನ್ನು ಕೊಟ್ಟರೆ, ಅವರು ಸಹಿ ಮಾಡುತ್ತಾರೆ. ಓದಲು ಕನ್ನಡಕವಿಲ್ಲ, ಕೇಳಲು ಪ್ರಶ್ನೆ ಹೊಳೆಯುವುದಿಲ್ಲ, ಬೇಡ ಎಂದರೆ ಇಷ್ಟೊಂದು ಜನರ ಸಮಯ ಹಾಳುಮಾಡಿದಂತಾಗುತ್ತದೆ ಎಂಬ ಸಂಕೋಚ ಬೇರೆ. ಅದೇ ಕಾಗದವನ್ನು ಹಿಂದಿನ ದಿನ ಕುಳಿತು ಮಾತನಾಡಿ ಕೊಟ್ಟಾಗ ಅವರು ಕೇಳುವ ಪ್ರಶ್ನೆಗಳೇ ಬೇರೆ: ಮಾಡಿಸದೆ ಇದ್ದರೆ ಏನಾಗುತ್ತದೆ, ಒಂದು ತಿಂಗಳು ಕಾಯಬಹುದೇ, ಬೇರೆ ಚಿಕಿತ್ಸೆ ಇದೆಯೇ? ರೋಗ ಅದೇ, ರೋಗಿ ಅವರೇ, ವೈದ್ಯರೂ ಅವರೇ. ಬೇಡ ಎನ್ನುವುದರ ಬೆಲೆ ಒಂದು ರಾತ್ರಿಯ ಅಂತರದಲ್ಲಿ ಎಷ್ಟು ಬದಲಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ತೆರೆದ ಬಾಗಿಲು ಅವರ ಅಳತೆಗೋಲು ನನಗೆ ಸರಿಯಾಗಿ ಕಾಣುತ್ತದೆ.

ಕಡೆಯ ಸಾಲು ಅವರ ಪ್ರಶ್ನೆಗೂ ನನ್ನ ಕೆಲಸದಲ್ಲಿ ಸ್ವಲ್ಪ ಉತ್ತರವಿದೆ. ದೀರ್ಘಕಾಲ ಬೇರೆಯವರ ಆರೈಕೆಯಲ್ಲಿರುವ ಹಿರಿಯರು ಬೇಕು ಎನ್ನುವುದನ್ನೇ ಬಿಟ್ಟುಬಿಡುತ್ತಾರೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಪ್ರಕಟಿಸಿದ ವೃದ್ಧಾಶ್ರಮದ ಅಧ್ಯಯನದಲ್ಲಿ, ತಮ್ಮ ದಿನವನ್ನು ತಾವೇ ರೂಪಿಸಿಕೊಳ್ಳಿ ಎಂದು ಹೇಳಿ, ಗಿಡವೊಂದನ್ನು ಆರಿಸಿಕೊಂಡು ನೋಡಿಕೊಳ್ಳಲು ಕೊಟ್ಟ ಗುಂಪಿನ ಹಿರಿಯರು, ಎಲ್ಲವನ್ನೂ ಸಿಬ್ಬಂದಿಯೇ ನೋಡಿಕೊಳ್ಳುತ್ತಾರೆ ಎಂದು ಹೇಳಿಸಿಕೊಂಡ ಗುಂಪಿಗಿಂತ ಹೆಚ್ಚು ಚುರುಕಾಗಿ, ಹೆಚ್ಚು ಚಟುವಟಿಕೆಯಿಂದ ಇದ್ದರು. ಸಣ್ಣ ಅಧ್ಯಯನ ಅದು, ಅದರ ಮೇಲೆ ಬಹಳ ಭಾರ ಹಾಕಬಾರದು. ಆದರೆ ಕಿಟಕಿ ತೆರೆಯಲೇ, ಮುಚ್ಚಲೇ ಎಂದು ಕೇಳಿದಾಗ ‘ನಿಮ್ಮಿಷ್ಟ’ ಎನ್ನುತ್ತಿದ್ದವರು, ದಿನವೂ ಕೇಳುತ್ತಾ ಹೋದರೆ ಒಂದು ದಿನ ‘ಅರ್ಧ ತೆರೆಯಿರಿ’ ಎನ್ನುವುದನ್ನು ನಾನು ಕಂಡಿದ್ದೇನೆ. ಬಯಕೆ ಸತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ ಅಷ್ಟೆ.

ತಕ್ಕಡಿ

ಇಷ್ಟನ್ನೂ ಓದಿದ ಮೇಲೆ ಬೆಲೆಯ ಅಳತೆಗೋಲಿನ ಜೊತೆ ಇನ್ನೂ ಎರಡು ಪ್ರಶ್ನೆಗಳನ್ನು ಇಡಬೇಕೆನಿಸುತ್ತದೆ: ಬೇರೆ ದಾರಿ ಇದೆ ಎಂಬುದು ಆ ವ್ಯಕ್ತಿಗೆ ಗೊತ್ತಿತ್ತೇ, ಮತ್ತು ಒಮ್ಮೆ ಆರಿಸಿದ ಮೇಲೆ ಮನಸ್ಸು ಬದಲಾಯಿಸಿ ಹಿಂದಿರುಗಲು ಸಾಧ್ಯವಿತ್ತೇ? ಲಾಕ್ ಅವರ ಕೋಣೆಯಲ್ಲಿದ್ದವನಿಗೆ ಎರಡನೆಯದು ಇರಲಿಲ್ಲ. ಹದಿಹರೆಯದಲ್ಲಿ ಓದಿನ ವಿಷಯವನ್ನು ಆರಿಸಿಕೊಂಡು ಮೂವತ್ತರಲ್ಲಿ ಅದನ್ನು ಬಿಡಬೇಕೆನ್ನುವವರಿಗೆ ಅದು ಕಾಗದದ ಮೇಲೆ ಇದೆ, ಬದುಕಿನಲ್ಲಿ ಬಹಳ ಸಲ ಇಲ್ಲ. ನನ್ನ ಮಟ್ಟಿಗೆ ಹಿಂದಿರುಗುವ ದಾರಿ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಅರೆಬರೆ ತಿಳಿದು, ದಣಿದ ಹೊತ್ತಿನಲ್ಲಿ, ಇನ್ನೊಬ್ಬರ ಒತ್ತಾಯದಲ್ಲಿ ಮಾಡಿದ ಆಯ್ಕೆಯನ್ನೂ ಅದು ತಿದ್ದಲು ಬಿಡುತ್ತದೆ.

ವಾರ್ಡಿನ ದೀಪ ಅವರಿಗೆ ಒಂದು ಪ್ರಶ್ನೆ. ಎಲ್ಲವನ್ನೂ ವಿವರಿಸಿದ ಮೇಲೂ ರೋಗಿ ‘ನನಗೆ ಇದೆಲ್ಲ ಬೇಡ, ನೀವೇ ತೀರ್ಮಾನಿಸಿ’ ಎಂದರೆ? ಅದು ಆಯ್ಕೆಯೇ, ಆಯ್ಕೆಯನ್ನು ಬಿಟ್ಟುಕೊಟ್ಟದ್ದೇ?

ವಾರ್ಡಿನ ದೀಪ

ಬಹಳ ಸಲ ಕೇಳುವ ಮಾತು ಅದು. ನಾನು ಅದನ್ನು ಆಯ್ಕೆ ಎಂದೇ ಗೌರವಿಸುತ್ತೇನೆ, ನೀವು ಹೇಳಿದ ಹಿಂದಿರುಗುವ ದಾರಿ ಅದರಲ್ಲಿ ಉಳಿದಿದ್ದರೆ. ನೋವಿನಲ್ಲಿರುವವರಿಗೆ ತೀರ್ಮಾನದ ಹೊರೆಯನ್ನು ಇಳಿಸಿಕೊಳ್ಳುವ ಹಕ್ಕಿದೆ, ಅದನ್ನು ಬಲವಂತವಾಗಿ ಅವರ ಮೇಲೆ ಹೊರಿಸುವುದೂ ಒಂದು ದಬ್ಬಾಳಿಕೆಯೇ. ಆದರೆ ‘ನೀವೇ’ ಎಂದರೆ ಯಾರು ಎಂಬುದನ್ನು ಕೇಳಿ ತಿಳಿಯಬೇಕು. ಕೆಲವರಿಗೆ ಅದು ವೈದ್ಯರು, ಕೆಲವರಿಗೆ ಮಗಳು, ಕೆಲವರಿಗೆ ಮನೆಯಲ್ಲಿ ಇಲ್ಲದ ತಮ್ಮ. ಕೋಣೆಯಲ್ಲಿ ಎಲ್ಲರಿಗಿಂತ ಜೋರಾಗಿ ಮಾತನಾಡುವ ಸಂಬಂಧಿಕರನ್ನೇ ನಾವು ಆ ‘ನೀವು’ ಎಂದು ಭಾವಿಸಿದರೆ ರೋಗಿಯ ಮಾತನ್ನು ಮೀರಿದಂತೆ. ಹಾಗಾಗಿ ಯಾರ ಹೆಸರು ಹೇಳಿದರು, ಯಾವ ವಿಷಯದವರೆಗೆ ಬಿಟ್ಟುಕೊಟ್ಟರು ಎಂಬುದನ್ನು ದಾಖಲೆಯಲ್ಲಿ ಬರೆಯುತ್ತೇವೆ. ಮುಂದಿನ ಹಂತದ ಚಿಕಿತ್ಸೆ ಬಂದಾಗ ಹಳೆಯ ಉತ್ತರವನ್ನು ಹಿಡಿದುಕೊಂಡು ಹೋಗದೆ ಮತ್ತೆ ಮೊದಲಿನಿಂದ ಕೇಳುತ್ತೇವೆ. ಎರಡನೆಯ ಸಲ ಕೇಳಿದಾಗ ಕೆಲವರು ತಾವೇ ತೀರ್ಮಾನಿಸುತ್ತಾರೆ, ಕೆಲವರು ಮೊದಲಿನ ಹೆಸರನ್ನೇ ಹೇಳುತ್ತಾರೆ, ಕೆಲವರು ಹೆಸರನ್ನು ಬದಲಾಯಿಸುತ್ತಾರೆ.